ನನ್ನ ಕುಳ್ಳನಿಗೊಂದು ದೋಷ ಬೇಕು

ಸೇವಾ ಪುಸ್ತಕದಲ್ಲಿ ನನ್ನ ಎತ್ತರ ಐದು ಅಡಿ ಎಂದು ನಮೂದಾಗಿದೆ. ಅದು ಸುಳ್ಳು. ಒಂದು ಅಂಗುಲ ಕಡಿಮೆ. ಊರವರ ಹೊಲ ಅಳೆದು, ಗೇಣು ಜಾಗ ಒತ್ತುವರಿಯಾದರೂ ಹಿಡಿದುಕೊಡುವ ಸರ್ವೇಯರ್ ತನ್ನ ಮೈಮೇಲೆಯೇ ಒಂದು ಅಂಗುಲ ಒತ್ತುವರಿ ಮಾಡಿಕೊಂಡಿದ್ದಾನೆ ಎಂಬುದನ್ನು ನಿಮಗೆ ಮಾತ್ರ ಹೇಳುತ್ತಿದ್ದೇನೆ. ಕುಷ್ಟಗಿಯ ನಮ್ಮ ಕಚೇರಿಯಲ್ಲಿ ದಯವಿಟ್ಟು ಬಾಯಿ ಬಿಡಬೇಡಿ. ಜೋಳ ಎದ್ದು ನಿಂತ ಹೊಲಕ್ಕೆ ನಾನು ಇಳಿದರೆ, ಬದುವಿನ ಮೇಲೆ ನಿಂತ ರೈತರಿಗೆ ಕಾಣುವುದು ನಾನು ಹಿಡಿದ ಕೋಲು ಮಾತ್ರ. ಕೋಲು ತಾನೇ ನಡೆದುಕೊಂಡು ಹೊಂಟಿದೆ ಎಂದು ಅವರು ನಗುತ್ತಾರೆ. ಜೋಳದ ಒಳಗೆ ನಿಂತು ನಾನೂ ನಗುತ್ತೇನೆ.

ಇಂಥ ನಾನು ಐವತ್ತೆರಡನೆಯ ವಯಸ್ಸಿನಲ್ಲಿ ಒಂದು ಆಟದ ಹುಚ್ಚಿಗೆ ಬಿದ್ದೆ. ಊರಿನ ದನದ ದವಾಖಾನೆಗೆ ವರ್ಗವಾಗಿ ಬಂದ ಡಾಕ್ಟರ್ ಶಶಿಕಲಾ ಕಾಲೇಜಿನಲ್ಲಿದ್ದಾಗ ಕಲಿತ ಆಟವಂತೆ ಅದು. ಟೇಬಲ್ಲಿನ ಸುತ್ತ ಕೂತು ಒಬ್ಬೊಬ್ಬರು ಒಂದೊಂದು ಪಾತ್ರವಾಗಬೇಕು. ಡಾಕ್ಟರು ಕತೆ ಹೇಳುತ್ತ ಹೋಗುತ್ತಾರೆ. ರಾಕ್ಷಸ ಅಡ್ಡ ಬಂದರೆ ಏನು ಮಾಡುತ್ತೇವೆಂದು ನಾವು ಹೇಳಬೇಕು. ಅದು ಕೈಗೂಡಿತೋ ಇಲ್ಲವೋ ಎಂಬುದನ್ನು ಇಪ್ಪತ್ತು ಮುಖದ ದಾಳ ತೀರ್ಮಾನಿಸುತ್ತದೆ. ಭಾನುವಾರ ಮಧ್ಯಾಹ್ನ ಅವರ ಕ್ವಾರ್ಟರ್ಸಿನಲ್ಲಿ ಆಟ. ನನ್ನ ಜೊತೆಗಾರ ದಾಳಿಂಬೆ ತೋಟದ ಬಸಣ್ಣ, ಆರು ಅಡಿಯ ಆಳು, ಬಾಗಿಲು ದಾಟುವಾಗೆಲ್ಲ ತಲೆ ಬಗ್ಗಿಸುವ ಭಾಗ್ಯವಂತ.

ಮೊದಲ ದಿನವೇ ಡಾಕ್ಟರು ಪಾತ್ರ ಹಂಚಿದರು. ಬಸಣ್ಣನಿಗೆ ಕಾಡಿನ ಎತ್ತರದ ಬಿಲ್ಲುಗಾರ. ನನ್ನ ಕಡೆ ಒಮ್ಮೆ ನೋಡಿ, "ಸರ, ನೀವು ಕುಳ್ಳ ಆಗ್ರಿ" ಎಂದರು. ಕೇಳಲಿಲ್ಲ, ಹೇಳಿದರು. ಈ ಆಟದಲ್ಲಿ ಕುಳ್ಳರದೇ ಒಂದು ಕುಲವಿದೆಯಂತೆ. ಅದರ ವಿವರದ ಝೆರಾಕ್ಸ್ ಪ್ರತಿ ಮನೆಗೆ ತಂದು ಓದಿದೆ. ಆ ಕುಲದವನು ಬೆಟ್ಟದ ಹೊಟ್ಟೆಯೊಳಗೆ ಬಂಗಾರ ಅಗೆಯುತ್ತಾನೆ, ಪೀಪಾಯಿಗಟ್ಟಲೆ ಬಿಯರು ಕುಡಿಯುತ್ತಾನೆ, ಹೊಕ್ಕುಳ ಮುಟ್ಟುವ ಗಡ್ಡ ಬಿಡುತ್ತಾನೆ, ಮೈತುಂಬ ಕಬ್ಬಿಣ ತೊಟ್ಟಿರುತ್ತಾನೆ. ನಮ್ಮ ಏಪ್ರಿಲ್ ಬಿಸಿಲಲ್ಲಿ ಕಬ್ಬಿಣ ತೊಟ್ಟು ಕುಷ್ಟಗಿ ಬಸ್‌ಸ್ಟ್ಯಾಂಡಿನಲ್ಲಿ ನಿಂತರೆ ಬಸ್ಸು ಬರುವಷ್ಟರಲ್ಲಿ ಬೆಂದು ಹೋಗುತ್ತಾನೆ. ಕತ್ತಲಲ್ಲಿ ಕಣ್ಣು ಕಾಣುವುದು ಅವನ ವಿಶೇಷ ಶಕ್ತಿಯಂತೆ. ಬೇಸಿಗೆಯಲ್ಲಿ ಕರೆಂಟ್ ಹೋದಾಗ ನಮ್ಮ ಓಣಿಯಲ್ಲಿ ಅದು ಎಲ್ಲರಿಗೂ ಬರುತ್ತದೆ. "ಇಂವಾ ನಮ್ಮ ಕಡಿಯಂವಾ ಅಲ್ಲರಿ ಮೇಡಂ" ಎಂದೆ. ಅವರು ನಕ್ಕು, "ಹಂಗಾದ್ರ ನಿಮಗ ಬೇಕಾದಂವನ್ನ ನೀವ ಮಾಡ್ಕೊಂಡ ಬರ್ರಿ, ಆಟದಾಗ ಅದಕ್ಕ ಅವಕಾಶ ಐತಿ" ಎಂದರು. ಅಂದಿನಿಂದ ನನಗೆ ಊಟ ರುಚಿಸಲಿಲ್ಲ.

ಕುಳ್ಳರಿಗೆ ನಮ್ಮಲ್ಲಿ ಕೊರತೆಯೇನಿಲ್ಲ. ಹಳೆಯ ಗುಡಿಗಳಿಗೆ ಹೋದಾಗ ನೀವು ದೇವರನ್ನು ನೋಡುತ್ತೀರಿ; ನಾನು ಕಂಬದ ತುದಿ ನೋಡುತ್ತೇನೆ. ಅಲ್ಲಿ ಡೊಳ್ಳು ಹೊಟ್ಟೆಯ ಗಿಡ್ಡ ಗಣಗಳು ತೊಲೆ ಹೊತ್ತು ಕೂತಿರುತ್ತವೆ. ಎತ್ತರದ ದೇವತೆಗಳು ಸೊಂಟ ಬಳುಕಿಸಿ ನಿಂತಿರುತ್ತಾರೆ, ಭಾರವೆಲ್ಲ ಕುಳ್ಳರ ತಲೆಯ ಮೇಲೆ. ಥೇಟ್ ನಮ್ಮ ಇಲಾಖೆ. ಇನ್ನು ವಾಮನ. ಬಾಲ್ಯದಲ್ಲಿ ಅವನೇ ನನ್ನ ಆರಾಧ್ಯದೈವ. ಆದರೆ ಕತೆಯನ್ನು ಕೊನೆತನಕ ಓದಿದ ದಿನ ಮನಸ್ಸು ಮುರಿಯಿತು. ಗೆಲ್ಲುವ ಹೊತ್ತಿಗೆ ಅವನೂ ಎತ್ತರವಾಗಿಬಿಟ್ಟ! ಕುಳ್ಳರಿಗೆ ಇದಕ್ಕಿಂತ ದೊಡ್ಡ ದ್ರೋಹ ಇನ್ನೊಂದಿಲ್ಲ.

ಆಗ ನೆನಪಾದವರು ಮೋರೇರು. ಗಂಗಾವತಿ ಕಡೆ, ಹಿರೇಬೆಣಕಲ್ಲಿನ ಗುಡ್ಡದ ಮೇಲೆ ಕಲ್ಲಿನ ಚಪ್ಪಡಿ ನಿಲ್ಲಿಸಿ ಮೇಲೊಂದು ಚಪ್ಪಡಿ ಮುಚ್ಚಿದ ನೂರಾರು ಗೂಡುಗಳಿವೆ. ತಿಳಿದವರು ಅವು ಬಹಳ ಹಿಂದಿನ ಸಮಾಧಿಗಳು ಎನ್ನುತ್ತಾರೆ. ಆ ಸೀಮೆಯವಳಾದ ನನ್ನಜ್ಜಿ ಹಾಗೆನ್ನಲಿಲ್ಲ. "ಮೋರೇರು ಮೂರಡಿ ಮಂದಿ. ಬೆಂಕಿ ಮಳಿ ಬರತೈತಿ ಅಂತ ಅವರಿಗೆ ಮೊದಲ ಗೊತ್ತಾಗಿತ್ತು, ಅದಕ್ಕ ಕಲ್ಲಿನ ಮನಿ ಕಟ್ಟಿದ್ರು" ಎನ್ನುತ್ತಿದ್ದಳು. ಮೂರು ಅಡಿಯಲ್ಲೇ ಇಷ್ಟು ಜಾಣತನ, ಇಷ್ಟು ಶಕ್ತಿ! ಮುಂದಿನ ರಜೆಯಲ್ಲಿ ಟೇಪು ಹಿಡಿದು, ಬಸಣ್ಣನನ್ನು ಎಬ್ಬಿಸಿಕೊಂಡು ಗುಡ್ಡ ಹತ್ತಿದೆ.

ಬಾಯ್ದೆರೆದ ಒಂದು ಗೂಡಿನೊಳಗೆ ಕೂತೆ. ತಲೆಯ ಮೇಲೆ ಎರಡು ಬೆರಳು ಜಾಗ, ಭುಜದ ಅಕ್ಕಪಕ್ಕ ಹದವಾದ ತಂಪು. ನನ್ನ ಅಳತೆಗೆ ಕಟ್ಟಿದ ಮನೆಯನ್ನು ಜನ್ಮದಲ್ಲಿ ಮೊದಲ ಸಲ ಕಂಡೆ. ಕಣ್ಣು ತುಂಬಿ ಬಂತು. ಬಸಣ್ಣ ಭುಜ ಹಿಡಿಸದೆ ಹೊರಗೇ ನಿಂತದ್ದರಿಂದ ಸಂತೋಷ ಇಮ್ಮಡಿಯಾಯಿತು. ಆದರೆ ಆ ಪುಣ್ಯಾತ್ಮ ಸುಮ್ಮನಿರಬೇಕಲ್ಲ. ಆಚೆಗಿದ್ದ ದೊಡ್ಡದೊಂದು ಗೂಡು ತೋರಿಸಿ, "ಮೂರಡಿ ಮಂದಿಗೆ ಇಷ್ಟೆತ್ತರದ ಮನಿ ಯಾಕ್ರಿ ಸರ?" ಎಂದ.

"ಬೀಗರು ಬಂದಾಗ ಬೇಕಾಗ್ತಿತ್ತು" ಎಂದೆ. ಅದನ್ನು ಮಾತ್ರ ಅಳೆಯಲಿಲ್ಲ.

ಅವನು ಮೇಲಿನ ಚಪ್ಪಡಿ ತಟ್ಟಿ, "ಇದನ್ನ ಒಬ್ಬಂವಾ ಎತ್ತೂದು ಆಗದ ಮಾತು ಬಿಡ್ರಿ. ಹತ್ತು ಮಂದೀನ ಕರದಿರಬೇಕು" ಎಂದ. ಆ ಮಾತನ್ನು ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ನನ್ನ ಆಟದ ಕುಳ್ಳನಾಗಿ ಒಬ್ಬ ಮೋರೇರವನನ್ನು ನಾಲ್ಕು ಹಾಳೆಯಲ್ಲಿ ಬರೆದೆ. ಗಡ್ಡ ತೆಗೆದು ರುಮಾಲು ಕಟ್ಟಿದೆ. ಬಿಯರು ಬಿಡಿಸಿ ಮಜ್ಜಿಗೆ ಕುಡಿಸಿದೆ. ಹೆಗಲಿಗೆ ಕಟಕ ರೊಟ್ಟಿಯ ಗಂಟು. ತಿಂಗಳುಗಟ್ಟಲೆ ಕೆಡುವುದಿಲ್ಲ, ಎದುರಾಳಿ ತೀರ ಹತ್ತಿರ ಬಂದರೆ ಬೀಸಿ ಒಗೆಯಲೂಬಹುದು. ಮಳೆಯ ವಾಸನೆ ಮೂರು ದಿನ ಮೊದಲೇ ಹಿಡಿಯುತ್ತಾನೆ. ಚಪ್ಪಡಿಯನ್ನು ಒಬ್ಬನೇ ಎತ್ತುತ್ತಾನೆ. ಬದುಕಿನಲ್ಲಿ ನನಗೆ ಸಿಗದ ಮರ್ಯಾದೆ ಆ ಟೇಬಲ್ಲಿನಲ್ಲಾದರೂ ಅವನಿಗೆ ಸಿಗಬೇಕು ಎಂಬುದೊಂದೇ ನನ್ನ ಆಸೆ.

ಡಾಕ್ಟರು ಹಾಳೆಗಳನ್ನು ಹಸುವಿನ ನಾಲಿಗೆ ಪರೀಕ್ಷಿಸುವಷ್ಟೇ ಶ್ರದ್ಧೆಯಿಂದ ತಿರುವಿ ಹಾಕಿದರು. "ಗುಣಾ ಎಲ್ಲಾ ಛಲೋ ಅದಾವು. ದೋಷ ಎಲ್ಲೈತ್ರಿ?"

"ಇವಗ ದೋಷ ಇಲ್ಲರಿ."

"ಹಂಗಾದ್ರ ಇಂವಾ ಕುಳ್ಳ ಅಲ್ಲ, ದೇವರು. ದೇವರಿಗೆ ನನ್ನ ಟೇಬಲ್ನಾಗ ಜಾಗಾ ಇಲ್ಲರಿ ಸರ. ಐತವಾರದೊಳಗ ಒಂದು ದೋಷ ತರ್ರಿ, ಇಲ್ಲಾಂದ್ರ ಆ ಗಡ್ಡದಂವನೇ ಗತಿ."

ನೀವೇ ಹೇಳಿ, ಕುಳ್ಳನಿಗೆ ಇನ್ನೊಂದು ದೋಷ ಎಲ್ಲಿಂದ ತರಲಿ? ಜಗತ್ತು ಅವನಿಗೆ ಹುಟ್ಟಿದಂದಿನಿಂದ ಒಂದನ್ನೇ ಸಾವಿರ ಸಲ ಹೇಳಿದೆ. ಸೋಮವಾರದಿಂದ ಶುಕ್ರವಾರದ ತನಕ ಕೂತು ಯೋಚಿಸಿದರೂ ಹಾಳೆ ಖಾಲಿ. ಶನಿವಾರ ಸಂಜೆ, ರೊಟ್ಟಿ ಬಡಿಯುತ್ತಿದ್ದ ಹೆಂಡತಿ ಗಿರಿಜಾಳ ಹತ್ತಿರ ಹೋಗಿ, "ಖರೇ ಹೇಳ, ನನ್ನೊಳಗ ಏನರ ದೋಷ ಅದಾವೇನು?" ಎಂದು ಕೇಳಿದೆ. ಅವಳ ಕೈ ನಿಂತಿತು. ಇಪ್ಪತ್ತಾರು ವರ್ಷ ಯಾರಾದರೂ ಕೇಳಲಿ ಎಂದು ಕಾದವಳ ಮುಖ.

"ಪೆನ್ನಿನಾಗ ಶಾಯಿ ಐತಿಲ್ಲೋ ನೋಡ್ಕೊಳ್ರಿ" ಎಂದಳು.

"ಒಂದ ಸಾಕು."

ಅವಳು ಯೋಚಿಸಿ, ಅಡುಗೆ ಮನೆಯ ಮೇಲಿನ ಹಲಗೆಯ ಕಡೆ ಗದ್ದ ಎತ್ತಿ ತೋರಿಸಿದಳು. ಅಲ್ಲಿ ನಮ್ಮವ್ವನ ಕಾಲದಿಂದ ಉಪ್ಪಿನಕಾಯಿ ಭರಣಿ ಕೂತಿದೆ. "ನಿಮ್ಮ ದೋಷ ಗಿಡ್ಡ ಇರೂದಲ್ಲ. ಕೇಳಂಗಿಲ್ಲ ನೀವು. ಬಿದ್ದು ಕೈ ಮುರ್ಕೊಂಡ್ರಿ, ಆದ್ರ 'ಗಿರಿಜಾ, ಭರಣಿ ಇಳಿಸಿ ಕೊಡ' ಅಂತ ಒಂದ ದಿನ ಬಾಯಿ ಬಿಡಲಿಲ್ಲ."

ನಿಜ. ಸ್ಟೂಲಿನ ಮೇಲೆ ಹಿಟ್ಟಿನ ಡಬ್ಬಿ, ಡಬ್ಬಿಯ ಮೇಲೆ ನಾನು ಹತ್ತಿ, ಮೂರೂ ಒಟ್ಟಿಗೆ ಉರುಳಿದ್ದೆವು. ಯಲಬುರ್ಗಾ ಕಡೆ ಗುಡ್ಡ ಅಳೆಯುವಾಗ ಬಿದ್ದೆ ಎಂದು ಕಚೇರಿಯಲ್ಲಿ ಹೇಳಿದ್ದೆ. ಗಿರಿಜಾ ನನಗಿಂತ ಮೂರು ಅಂಗುಲ ಎತ್ತರ. ಅವಳನ್ನು ಕೇಳುವುದಕ್ಕಿಂತ ಪ್ಲಾಸ್ಟರ್ ಹಾಕಿಸಿಕೊಳ್ಳುವುದು ಸುಲಭವಾಗಿತ್ತು. ಬಹಳ ಸಿಟ್ಟು ಬಂತು, ಯಾಕೆಂದರೆ ಅವಳು ಹೇಳಿದ್ದರಲ್ಲಿ ಕಳೆಯಲು ಏನೂ ಇರಲಿಲ್ಲ. ವಾಮನನೂ ಗೆಲ್ಲುವ ಮೊದಲು ಕೈಯೊಡ್ಡಿ ಕೇಳಿದ್ದ ಎಂಬುದು ಆಗ ಹೊಳೆಯಿತು. ಹಾಳೆಯಲ್ಲಿ ಬರೆದೆ: 'ದೋಷ: ಸಹಾಯ ಕೇಳಲಾರ. ಕೇಳಲು ಬಾಯಿ ಬರಬೇಕಾದರೆ ದಾಳ ಹದಿನೈದು ದಾಟಬೇಕು.'

ಡಾಕ್ಟರು ಓದಿ ಒಪ್ಪಿಗೆಯ ಸಹಿ ಹಾಕಿದರು. ಮೋರೇರವನಿಗೆ ಜಾಗ ಸಿಕ್ಕಿತು. ಆದರೆ ಅವರೇನು ಕಡಿಮೆ ಹೆಂಗಸೇ? ಅರ್ಧ ತಾಸಿನಲ್ಲೇ ಕತೆಯಲ್ಲಿ ನಾವು ಹೊಕ್ಕ ಗವಿಯ ಬಾಯಿಗೆ ಅಡ್ಡಲಾಗಿ ಒಂದು ಚಪ್ಪಡಿ ಕೆಡವಿದರು. ಒಬ್ಬನೇ ಚಪ್ಪಡಿ ಎತ್ತುವ ಮೋರೇರವನಿಗೂ ಇದನ್ನು ಎತ್ತಲು ಇನ್ನೊಬ್ಬರು ಬೇಕು. ಒಳಗೆ ನೀರು ಏರುತ್ತಿದೆ. ಕೇಳಲು ಬಾಯಿ ಬರಲೆಂದು ದಾಳ ಹಾಕಿದೆ, ಏಳು. ಮತ್ತೆ ಹಾಕಿದೆ, ನಾಲ್ಕು. ಬಸಣ್ಣ ಶೇಂಗಾ ಸುಲಿಯುತ್ತ, "ನಾ ಇಲ್ಲೇ ಬಾಜೂಕ ನಿಂತೇನ್ರಿ ಸರ" ಎಂದ. "ಅವರು ಕರಿಯೂತನಕ ನೀ ಬರೂ ಹಂಗಿಲ್ಲ" ಎಂದರು ಡಾಕ್ಟರು. ಹನ್ನೊಂದು. ನೀರು ಮೋರೇರವನ ಎದೆಗೆ ಬಂದಿತ್ತು, ಎಲ್ಲರಿಗಿಂತ ಮೊದಲು. ನಾಲ್ಕನೆಯ ಸಲ ಹದಿನಾರು. "ಬಸಣ್ಣ, ಒಂದೀಟ ಕೈ ಹಚ್ಚಪಾ" ಎಂದೆ. ಮೊದಲು ನಾಚಿಕೆಯಾಯಿತು, ಆಮೇಲೆ ಮೈ ಹಗುರಾಯಿತು. ಚಪ್ಪಡಿ ಸರಿಯಿತು.

ಆ ಧೈರ್ಯ ಆರುವ ಮೊದಲೇ ಮನೆಗೆ ಬಂದು, ಚಪ್ಪಲಿ ಬಿಡುತ್ತಲೇ ಹೇಳಿಬಿಟ್ಟೆ. "ಗಿರಿಜಾ, ಭರಣಿ ಇಳಿಸಿ ಕೊಡ."

ಅವಳು ನನ್ನನ್ನು ಒಮ್ಮೆ ದಿಟ್ಟಿಸಿದಳು. ನಂತರ ಹೋಗಿ ಸ್ಟೂಲು ತಂದು ಹಲಗೆಯ ಕೆಳಗಿಟ್ಟು ಹತ್ತಿದಳು. ತುದಿಗಾಲಲ್ಲಿ ನಿಂತಳು. ಸ್ಟೂಲು ಅಲುಗಾಡಿತು.

"ನಿನಗೂ ಎಟಕೂದಿಲ್ಲೇನು?" ಎಂದೆ.

"ಇಪ್ಪತ್ತಾರು ವರ್ಷದಿಂದ ಎಟಕಿಲ್ಲ. ಗಟ್ಟಿ ಹಿಡೀರಿ."

ನಾನು ಬಗ್ಗಿ ಎರಡೂ ಕೈಯಿಂದ ಸ್ಟೂಲು ಹಿಡಿದೆ. ಇಬ್ಬರೂ ಒಬ್ಬರಿಗೊಬ್ಬರು ಗೊತ್ತಾಗದಂತೆ ಹತ್ತಿ ಇಳಿದ ವರ್ಷಗಳು ನೆನಪಾಗಿ ನಗು ಬಂತು. ಸ್ಟೂಲು ಹಿಡಿದವನು ನಗಬಾರದು, ತಡೆದುಕೊಂಡೆ. ಭರಣಿ ಕೆಳಗೆ ಬಂತು. ಉಪ್ಪಿನಕಾಯಿ ತೆಗೆದುಕೊಂಡ ಮೇಲೆ, "ಇನ್ನ ಇದನ್ನ ಕೆಳಗ ಇಡೂಣೇನು?" ಎಂದು ಕೇಳಿದೆ.

"ಬ್ಯಾಡ, ಮ್ಯಾಲೇ ಇರ್ಲಿ" ಎಂದಳು ಗಿರಿಜಾ, ಮತ್ತೆ ಸ್ಟೂಲಿಗೆ ಕಾಲಿಡುತ್ತ. "ಕೆಳಗಿಟ್ರ ನೀವು ಮತ್ತ ಕೇಳಂಗಿಲ್ಲ."