ನನ್ನ ಪಾಲಿನ ನಡಿಗೆ

ಆರನೇ ಕೀಮೋ ಮುಗಿದ ಮೇಲೆ ಆಸ್ಪತ್ರೆಯವರು ನನ್ನ ಮೊಬೈಲಿಗೆ ಒಂದು ಆ್ಯಪ್ ಹಾಕಿಕೊಟ್ಟರು. ದಿನಕ್ಕೆ ಎಷ್ಟು ಹೆಜ್ಜೆ ನಡೆಯುತ್ತೇನೆಂದು ಎಣಿಸಿ, ನನ್ನ ಸುಸ್ತಿಗೆ ಯಾವ ವ್ಯಾಯಾಮ ತಕ್ಕದ್ದೆಂದು ಅದೇ ಹೇಳುತ್ತದಂತೆ. ನನಗೋ ಬಚ್ಚಲಿಗೆ ಹೋಗುವಾಗಲೂ ಬಿದ್ದರೆ ಏಳುತ್ತೇನೋ ಇಲ್ಲವೋ ಎಂಬ ಭಯ. ಗೋಡೆ ಹಿಡಿದೇ ಹೋಗುತ್ತಿದ್ದೆ.

ನನಗಾಗಿ ಹೊತ್ತ ಹರಕೆಯನ್ನು ಹಾಲುರಾಮೇಶ್ವರಕ್ಕೆ ನಡೆದು ಹೋಗಿ ತೀರಿಸಿ ಬಂದವಳು ನನ್ನ ಓರಗಿತ್ತಿ. "ನೀನು ಮಲಿಕ್ಕೊ, ಇದ್ನೂ ನಾನೇ ನಡೀತೀನಿ" ಎಂದು ಮೊಬೈಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ದಿನವೂ ಹೊಲಕ್ಕೆ ಹೋದಳು. ದೇವರೇ ಒಪ್ಪಿಕೊಂಡ ಮೇಲೆ ಈ ಮೊಬೈಲಿನದೇನು ದೊಡ್ಡ ಸೊಕ್ಕು ಎಂದು ನಾನೂ ತಡೆಯಲಿಲ್ಲ.

ವಾರ ಕಳೆಯುವುದರೊಳಗೆ ಆ್ಯಪ್ ನನ್ನನ್ನು ಹೊಗಳಿ, ಮೆಟ್ಟಿಲು ಹತ್ತುವ ವ್ಯಾಯಾಮ ಕೊಟ್ಟಿತು. ಅದರೊಳಗೆ ಯಾರೋ ಒಬ್ಬಳು ನನ್ನ ಹೆಸರಿನಲ್ಲಿ ಗುಣವಾಗುತ್ತಿದ್ದಳು. ನಾನು ಸತ್ತರೂ ಅವಳು ನಡೆಯುತ್ತಲೇ ಇರುತ್ತಾಳೆ ಅನ್ನಿಸಿತು.

ಮರುದಿನ ಆಸ್ಪತ್ರೆಯ ನರ್ಸ್ ಫೋನ್ ಮಾಡಿದರು. "ಭಾಳ ಚೆನ್ನಾಗಿ ನಡೀತಿದೀರಮ್ಮ. ಇನ್ಮೇಲೆ ವಾರವಾರ ನಾವು ಫೋನ್ ಮಾಡೋದು ಬ್ಯಾಡ ಅಲ್ವ?"

ಹೊಲದಿಂದ ಬಂದ ಓರಗಿತ್ತಿ ಕಾಲಿನ ಕೆಮ್ಮಣ್ಣನ್ನೂ ತೊಳೆಯದೆ ಎದುರಿಗೇ ಹೆಮ್ಮೆಯಿಂದ ನಿಂತಿದ್ದಳು. ಅವಳ ಮುಖ ನೋಡಿದರೆ ಮಾತು ಹೊರಡುವುದಿಲ್ಲವೆಂದು ಗೋಡೆಯ ಕಡೆ ತಿರುಗಿದೆ.

"ಫೋನ್ ಇಡಬ್ಯಾಡ್ರಿ," ಎಂದೆ. "ನಡೆದೋಳು ನಾನಲ್ಲ. ನಾನಿನ್ನೂ ಹಾಸಿಗೆ ಮ್ಯಾಲೇ ಇದೀನಿ."