ಹಾಯಿಯ ಮೇಲಿನ ಬಿಳಿ ತೇಪೆ

ಕೆಜಾಯ ರಮ್ಲಿ ನನ್ನ ಪಕ್ಕದ ಮನೆಯವಳು. ಹಡಗುಗಳಿಗೆ ದಾರಿ ತೋರಿಸಿ ಬ್ರಿಸ್ಟಲ್ ಬಂದರಿಗೆ ತರುವುದು ನಮ್ಮ ಪಿಲ್ ಊರಿನ ಗಂಡಸರ ಕೆಲಸ. ಅವಳ ಗಂಡ ಈನಕ್ ಹಾಗೆ ದೋಣಿ ತೆಗೆದುಕೊಂಡು ಹೋದವನು ಮರಳಲಿಲ್ಲ. ಹೆಣವೂ ಸಿಗಲಿಲ್ಲ, ಒಂದು ಹಲಗೆಯೂ ಸಿಗಲಿಲ್ಲ. ಹರಿದ ಹಾಯಿ ಹೊಲಿದು ಹೊಟ್ಟೆ ಹೊರೆಯುತ್ತ ಏಳು ವರ್ಷ ಕಾದಳು. ಮತ್ತೆ ಮದುವೆಯಾಗಲು ಕಾನೂನೂ ಅಷ್ಟೇ ವರ್ಷ ಕೇಳುತ್ತದೆ. ಆಮೇಲೆ ಪೀಪಾಯಿ ಮಾಡುವ ಓಬೆಡ್‌ನನ್ನು ಮದುವೆಯಾಗಲು ಒಪ್ಪಿದಳು. ಒಳ್ಳೆಯವನು, ಸ್ವಲ್ಪ ಪೆದ್ದ. ಮದುವೆಗೆ ಮುಂಚೆ ಚರ್ಚಿನಲ್ಲಿ ಮೂರು ಭಾನುವಾರ ಹೆಸರು ಕೂಗಬೇಕು; ಎರಡು ಭಾನುವಾರ ಇಬ್ಬರ ಹೆಸರೂ ಕೂಗಿಯಾಗಿತ್ತು. ಇನ್ನೊಂದು ಭಾನುವಾರ ಕಳೆದರೆ ಮದುವೆ.

ಶನಿವಾರ ರಿಬ್ಬನ್ನು ಕೊಳ್ಳಲು ಬ್ರಿಸ್ಟಲ್‌ಗೆ ಹೋದೆವು. ಚಿತ್ರದಂಗಡಿಯ ಗಾಜಿನೊಳಗೆ ನಮ್ಮ ಪಿಲ್ ದಡದ್ದೇ ಒಂದು ಚಿತ್ರ: ಹೊಂಬಣ್ಣದ ಆಕಾಶ, ಮಂಜು, ಮೂಲೆಯಲ್ಲಿ ಕಂದು ಹಾಯಿಯ ದೋಣಿ. ಹಾಯಿಯ ತುದಿಯಲ್ಲಿ ಬೆಳ್ಳಗೆ ಒಂದು ಚೂರು. ಕೆಳಗೆ ಈ ವರ್ಷದ ಇಸವಿ.

"ಅಕ್ಕಾ, ಅದು ಈನಕ್‌ನ ಹಾಯಿಗೆ ನಾನು ಹಾಕಿದ ತೇಪೆ! ನನ್ನ ಲಂಗದ ಬಟ್ಟೆ!"

"ಏಳು ವರ್ಷ ಆದ್ಮೇಲೂ ಬೆಳ್ಳಗಿರುತ್ತಾ?" ಎಂದೆ.

ಅದನ್ನು ಬರೆದ ಚಿತ್ರಕಾರ ಲ್ಯಾಸ್ಕೂಮ್ ಅಂಗಡಿಯೊಳಗೇ ಇದ್ದ. ಕೆಜಾಯ ನೇರವಾಗಿ ಕೇಳಿದಳು, "ಈ ದೋಣೀನ ಯಾವಾಗ ನೋಡಿದ್ರಿ ಸ್ವಾಮಿ?"

"ನೋಡಿದ್ನೋ, ನಾನೇ ಸೇರಿಸಿದ್ನೋ... ಗೆರೆ ಎಳೆದಿದ್ದು ಯಾವತ್ತೋ, ಬಣ್ಣ ಹಾಕಿದ್ದು ಈ ಚಳಿಗಾಲ, ಮನೇಲಿ ಕೂತು."

"ಈ ತೇಪೆ?"

"ತೇಪೆ ಅಲ್ಲಮ್ಮ, ಬರೀ ಕಾಗದ. ನೀರುಬಣ್ಣದಲ್ಲಿ ನಾವು ಬಿಳಿ ಹಚ್ಚಲ್ಲ, ಬಣ್ಣ ಹಾಕ್ದೆ ಹಾಗೇ ಬಿಡ್ತೀವಿ."

"ಅಲ್ಲೇ ಯಾಕೆ ಬಿಟ್ರಿ?"

ಅವನಿಗೂ ಗೊತ್ತಿರಲಿಲ್ಲ. ನನಗೆ ಮೈಯೆಲ್ಲ ಉರಿಯಿತು. ಹೊರಗೆ ಬಂದವಳೇ ಹೇಳಿದೆ, "ಚಿತ್ರದಲ್ಲಿ ನಮ್ಮ ಚರ್ಚನ್ನೇ ಎತ್ತಿ ಹೊಳೆಯ ಆಚೆ ದಡಕ್ಕಿಟ್ಟಿದಾನೆ ಆ ಮಹಾರಾಯ. ಅವನ ದೋಣಿ ನಂಬ್ತೀಯಾ?"

"ಚರ್ಚು ಎಲ್ಲಿದೆ ಅಂತ ನಂಗೊತ್ತಲ್ಲ ಅಕ್ಕ. ಈನಕ್ ಎಲ್ಲಿದಾನೆ ಅಂತ ಗೊತ್ತಿಲ್ವಲ್ಲ."

ರಿಬ್ಬನ್ನು ಕೊಳ್ಳಲೇ ಇಲ್ಲ.

ಭಾನುವಾರ ಪಾದ್ರಿ ಮೂರನೆಯ ಸಲ ಹೆಸರು ಕೂಗಿ, ಅಡ್ಡಿಯಿದ್ದವರು ಹೇಳಬಹುದು ಎಂದರು. ಎದ್ದು ನಿಂತವಳು ಕೆಜಾಯ.

"ನಿನ್ನ ಮದುವೆಗೆ ನೀನೇ ಅಡ್ಡೀನಾ? ಏನಮ್ಮ ಅಡ್ಡಿ?"

"ಗೊತ್ತಿಲ್ಲ ಸ್ವಾಮಿ," ಎಂದಳು. ಕೂರಬೇಕೆಂಬುದೂ ತೋಚದೆ ಹಾಗೇ ನಿಂತಿದ್ದಳು.

ಜನ ನಕ್ಕರು. ಓಬೆಡ್ ನಗಲಿಲ್ಲ. ಮರುದಿನ ಕೆಲಸ ಬಿಟ್ಟು ಬ್ರಿಸ್ಟಲ್‌ಗೆ ನಡೆದುಹೋಗಿ, ಆ ಗಾಜಿನ ಮುಂದೆ ಸಂಜೆಯವರೆಗೆ ನಿಂತು ಬಂದ. ಈನಕ್‌ನ ದೋಣಿ ಅವನಿಗೂ ಚೆನ್ನಾಗಿ ಗೊತ್ತು. ಅದಲ್ಲ ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು, ಅವಳು ನಂಬುತ್ತಿದ್ದಳು.

ಕೆಜಾಯಳ ಬಾಗಿಲಲ್ಲಿ ಟೋಪಿ ತಿರುಗಿಸುತ್ತ ನಿಂತು ಹೇಳಿದ, "ನಂಗೂ ಗೊತ್ತಾಗ್ಲಿಲ್ಲ ಕೆಜಾಯ."

ಅವನನ್ನು ಪೆದ್ದ ಎಂದವಳು ನಾನು. ನನ್ನ ಮನೆಯೊಳಗೆ ಹೋಗಿ ಅತ್ತುಬಿಟ್ಟೆ.