ಏಳನೇ ರಿಮೈಂಡರ್

ಯಾರಾದರೂ ತಮಗಾದ ವಿಚಿತ್ರ ಅನುಭವ ಹೇಳಲು ಕೂತರೆ ನಡುವೆ ಬಾಯಿ ಹಾಕಿ ಕಾರಣ ಹುಡುಕಿಕೊಡುವ ಕೆಟ್ಟ ಅಭ್ಯಾಸ ನನಗಿತ್ತು. ಗಾಳಿಗೆ ಬಾಗಿಲು ಬಡಿದಿರಬೇಕು, ನಿದ್ದೆಗಣ್ಣಿನಲ್ಲಿ ಏನೋ ಕಂಡಿರಬೇಕು, ಬೆಕ್ಕಿರಬೇಕು. ನರಸಿಂಹರಾಜಪುರದ ನಮ್ಮ ಮನೆಗೆ ಬರುತ್ತಿದ್ದ ಅತ್ತೆಯೊಬ್ಬರು ಅರ್ಧ ಹೇಳಿದ ಮಾತನ್ನು ಅಲ್ಲಿಗೇ ಬಿಟ್ಟು, "ನಿನ್ನ ಹತ್ರ ಎಂತ ಹೇಳಿದ್ರೂ ಸುಖ ಇಲ್ಲ ಮಾರಾಯ್ತಿ" ಎಂದು ಎದ್ದುಹೋದದ್ದೂ ಉಂಟು. ಈಗ ನಾನೇ ಅಂಥದ್ದೊಂದನ್ನು ಹೇಳಹೊರಟಿದ್ದೇನೆ. ಇದರಲ್ಲಿ ದೆವ್ವವಿಲ್ಲ, ಕತ್ತಲೆಯೂ ಇಲ್ಲ. ನಡೆದದ್ದು ಕೊಪ್ಪದಲ್ಲಿ, ನನ್ನ ಅಕ್ಕನ ಮನೆಯ ಹಾಲ್‌ನಲ್ಲಿ, ಮಧ್ಯಾಹ್ನ ಮೂರು ಗಂಟೆಯ ಬಿಸಿಲಿನಲ್ಲಿ.

ಅದಕ್ಕೆ ಮೊದಲು ನಾಲ್ಕು ವರ್ಷ ಹಿಂದಕ್ಕೆ ಹೋಗಬೇಕು. ಎರಡು ಸಾವಿರದ ನಾಲ್ಕರ ಸುಮಾರು. ಕನ್ನಡ ಎಂ.ಎ. ಮುಗಿಸಿ ಕೆಲಸ ಸಿಗದೆ ಕೂತಿದ್ದ ನನ್ನನ್ನು ಅಕ್ಕ ಅದರ ಹಿಂದಿನ ವರ್ಷವೇ ಕೊಪ್ಪಕ್ಕೆ ಕರೆಸಿಕೊಂಡಿದ್ದಳು. ಅವಳು ಒಂದು ಕಚೇರಿಯಲ್ಲಿ ಟೈಪಿಸ್ಟ್. ಭಾವನದು ಜೀಪಿನ ಬಿಡಿಭಾಗಗಳ ಅಂಗಡಿ. ಬಸರೀಕಟ್ಟೆ ಕಡೆಯ ಎಸ್ಟೇಟಿನವರೇ ಹೆಚ್ಚು ಗಿರಾಕಿಗಳು. ಮದುವೆಯಾಗಿ ಒಂಬತ್ತು ವರ್ಷಕ್ಕೆ ಅವರಿಗೆ ಪುಟ್ಟಿ ಹುಟ್ಟಿದ್ದಳು. ಬೆಳಿಗ್ಗೆ ಎರಡು ಗಂಟೆ ಖಾಸಗಿ ಶಾಲೆಯೊಂದರಲ್ಲಿ ಪಾಠ ಮಾಡಿಬಂದರೆ ಉಳಿದ ದಿನವೆಲ್ಲ ಪುಟ್ಟಿ ನನ್ನ ಸೊಂಟದ ಮೇಲೆ. ಅದು ನನಗೆ ಹೊರೆಯಾಗಿರಲಿಲ್ಲ, ಇದನ್ನು ಮೊದಲೇ ಹೇಳಿಬಿಡುತ್ತೇನೆ.

ಭಾವ ಅಂಗಡಿಗೆಂದು ತಂದ ಕಂಪ್ಯೂಟರು ಮನೆಯಲ್ಲೇ ಉಳಿದಿತ್ತು. ಅದರಲ್ಲಿ ಮನೆ ಖರ್ಚಿನ ಲೆಕ್ಕ ಬರೆಯುವ ಒಂದು ಸಾಫ್ಟ್‌ವೇರ್ ಇತ್ತು. ನಾನೇ ಅದನ್ನು ಕಲಿತು ಅಕ್ಕನಿಗೂ ಕಲಿಸಿದೆ. ಅವರು ಮನೆ ಕಟ್ಟಿಸಿದಾಗಿನ ಹಳೆಯ ಖರ್ಚನ್ನೂ ಅದಕ್ಕೇ ಏರಿಸಿದೆ. ಲೆಕ್ಕಕ್ಕಿಂತ ನನಗೆ ಹಿಡಿಸಿದ್ದು ಅದರ ರಿಮೈಂಡರ್. ಕರೆಂಟ್ ಬಿಲ್ಲು, ಫೋನ್ ಬಿಲ್ಲು, ವಿಮೆಯ ಕಂತು ಎಂದು ಒಮ್ಮೆ ಬರೆದು ತಾರೀಕು ಕೊಟ್ಟರೆ, ಆ ದಿನ ಕಂಪ್ಯೂಟರ್ ತೆರೆದಾಗ ಸಣ್ಣ ಕಿಟಕಿಯೊಂದು ಮೂಡಿ ನೆನಪಿಸುತ್ತಿತ್ತು. ಬರಬರುತ್ತ ದುಡ್ಡಿಗೆ ಸಂಬಂಧವಿಲ್ಲದ್ದನ್ನೂ ಅದಕ್ಕೇ ಒಪ್ಪಿಸಿದೆ. ಪುಟ್ಟಿಗೆ ಲಸಿಕೆ ಹಾಕಿಸುವ ದಿನ, ಲೈಬ್ರರಿಗೆ ಪುಸ್ತಕ ಹಿಂತಿರುಗಿಸುವ ದಿನ. ಕೊನೆಗೆ ನಾನು ಯಾವುದನ್ನೂ ತಲೆಯಲ್ಲಿ ಇಟ್ಟುಕೊಳ್ಳದ ಹಾಗಾದೆ. ಮೂರು ನಾಲ್ಕು ತಿಂಗಳಿಗೊಮ್ಮೆ ಎಲ್ಲವನ್ನೂ ಬ್ಯಾಕಪ್ ಎಂದು ಸಿ.ಡಿ.ಗೆ ನಕಲು ಮಾಡಿ, ಮೇಲೆ ತಿಂಗಳು ವರ್ಷ ಬರೆದು, ಬೀರುವಿನಲ್ಲಿ ಇಡುತ್ತಿದ್ದೆ.

ಎರಡು ಸಾವಿರದ ನಾಲ್ಕರ ಯುಗಾದಿ ಕಳೆದ ಮೇಲೆ ಪತ್ರಿಕೆಯಲ್ಲಿ ಒಂದು ಜಾಹೀರಾತು ಬಂತು. ಶಿವಮೊಗ್ಗದ ಕಾಲೇಜೊಂದಕ್ಕೆ ಕನ್ನಡ ಉಪನ್ಯಾಸಕರು ಬೇಕಾಗಿದ್ದರು. ಕಾಯಂ ಹುದ್ದೆ. ನನಗೆ ಬಂದ ಅಂಕಗಳಿಗೆ ಸಿಕ್ಕೇ ಸಿಗುತ್ತದೆ ಎಂದು ನಮ್ಮ ಮೇಷ್ಟ್ರೂ ಫೋನ್ ಮಾಡಿ ಹೇಳಿದರು. ಅರ್ಜಿ ತುಂಬಿ, ಫೋಟೋ ಅಂಟಿಸಿ, ಫೈಲಿನಲ್ಲಿಟ್ಟೆ. ಶಾಲೆಯ ಸಂಬಳ ಬಂದ ಮೇಲೆ ಅರ್ಜಿ ಶುಲ್ಕಕ್ಕೆ ಬ್ಯಾಂಕಿನಲ್ಲಿ ಡಿ.ಡಿ. ತೆಗೆದು ಅಂಚೆಗೆ ಹಾಕುವುದೊಂದೇ ಬಾಕಿ. ಕೊನೆಯ ದಿನಕ್ಕೆ ಐದು ದಿನ ಮುಂಚಿನ ತಾರೀಕಿಗೆ ರಿಮೈಂಡರ್ ಹಾಕಿದೆ. ಆ ಸಾಫ್ಟ್‌ವೇರಿನಲ್ಲಿ ಕನ್ನಡ ಮೂಡುತ್ತಿರಲಿಲ್ಲ. ಹಾಗಾಗಿ ಇಂಗ್ಲಿಷ್ ಅಕ್ಷರಗಳಲ್ಲೇ, 'ಅರ್ಜಿ, ಡಿಡಿ, ಮರೀಬೇಡ ಕತ್ತೆ' ಎಂದು ಟೈಪ್ ಮಾಡಿದೆ. ಪಕ್ಕದಲ್ಲಿ ಕೂತು ಬಟ್ಟೆ ಮಡಚುತ್ತಿದ್ದ ಅಕ್ಕ ಅದನ್ನು ಓದಿ ನಕ್ಕಳು.

ಆ ರಿಮೈಂಡರ್ ಬರಲೇ ಇಲ್ಲ. ಆ ವಾರ ಪುಟ್ಟಿಗೆ ಜ್ವರ. ಔಷಧಿ, ಗಂಜಿ, ಒದ್ದೆ ಬಟ್ಟೆ ಎಂದು ದಿನಗಳು ಹೋದವು. ನಡುವೆ ಎರಡು ಸಲ ಕಂಪ್ಯೂಟರ್ ತೆರೆದು ಔಷಧಿಯ ಖರ್ಚು ಬರೆದಿದ್ದೆ, ಏನೂ ಮೂಡಿರಲಿಲ್ಲ. ಇನ್ನೂ ಸಮಯವಿದೆ ಎಂದೇ ನಂಬಿದ್ದೆ. ನಮ್ಮೂರು ಎನ್.ಆರ್.ಪುರದಿಂದ ಗೆಳತಿ ವಿನುತ ಫೋನ್ ಮಾಡಿ, "ಅಂತೂ ಕೊನೇ ದಿನದೊಳಗೆ ನಾನೂ ಕಳಿಸಿದ್ದೆ ಮಾರಾಯ್ತಿ. ನೀ ಯಾವಾಗ ಕಳಿಸಿದ್ದು?" ಎಂದು ಕೇಳಿದಾಗ ಕೊನೆಯ ದಿನ ಕಳೆದು ಮೂರು ದಿನವಾಗಿತ್ತು. ಓಡಿಹೋಗಿ ರಿಮೈಂಡರ್‌ಗಳ ಪಟ್ಟಿ ತೆರೆದು ನೋಡಿದೆ. ಅದು ಅಲ್ಲಿರಲಿಲ್ಲ.

ನಾನು ಅಳುತ್ತ ಕೂತಿದ್ದಾಗ ಅಕ್ಕ ಬೆನ್ನು ಸವರಿದಳು. "ನೀ ಓಕೆ ಒತ್ತದೆ ಮುಚ್ಚಿರ್ತಿ ಕೂಸೆ. ಪುಟ್ಟಿ ಆಗ ಕೀಬೋರ್ಡ್ ಎಳೀತಾ ಇತ್ತು, ನಾ ನೋಡಿದ್ದೆ" ಎಂದಳು. ಇರಬಹುದು ಎನ್ನಿಸಿತು. ಅವತ್ತು ನಾನು ಊಟ ಬೇಡವೆಂದಾಗ ಅನ್ನ ಸಾರು ಕಲಸಿ ಕೈತುತ್ತು ಹಾಕಿದವಳು ಅವಳೇ. ಆ ಕೆಲಸ ವಿನುತಳಿಗೆ ಸಿಕ್ಕಿತು. ಅಂಥ ಹುದ್ದೆಯನ್ನು ನಮ್ಮ ಕಡೆಯ ಯಾವ ಕಾಲೇಜೂ ಮತ್ತೆ ಕರೆಯಲಿಲ್ಲ. ನನ್ನ ಮರೆವಿಗೆ ನಾನೇ ಬೈದುಕೊಂಡು ಸುಮ್ಮನಾದೆ.

ಮುಂದಿನ ವರ್ಷ ನನಗೆ ಶೃಂಗೇರಿಗೆ ಮದುವೆಯಾಯಿತು. ನನ್ನವರು ಯಾತ್ರಿಕರ ಲಾಡ್ಜೊಂದರ ಮ್ಯಾನೇಜರ್. ಅಲ್ಲಿಯ ಲೆಕ್ಕವೂ ನನ್ನ ಕೈಗೇ ಬಂತು. ಸಾಫ್ಟ್‌ವೇರ್ ಕೂಡ ಅದೇ. ಒಮ್ಮೆ ಅಲ್ಲಿ ಕಂಪ್ಯೂಟರ್ ಕೆಟ್ಟು, ಹಳೆಯ ಬ್ಯಾಕಪ್ ಹಾಕಿ ನಾನು ಪೇಚಿಗೆ ಸಿಕ್ಕಿದ್ದೆ. ಹಳೆಯ ಬ್ಯಾಕಪ್ಪಿಗೆ ನಡುವೆ ಕಳೆದ ಕಾಲ ಗೊತ್ತಿರುವುದಿಲ್ಲವಲ್ಲ. ಕಟ್ಟಿ ಮುಗಿದ ಬಿಲ್ಲುಗಳೆಲ್ಲ ಬಾಕಿ ಎಂದು ಒಂದರ ಮೇಲೊಂದು ಕಿಟಕಿಗಳು ಎದ್ದುಬಂದವು. ಕೆಲವನ್ನಂತೂ ಅದು ತಾನೇ ಎರಡನೇ ಸಲ ಲೆಕ್ಕಕ್ಕೆ ಬರೆದುಬಿಟ್ಟಿತು. ಸರಿಮಾಡಲು ವಾರ ಹಿಡಿಯಿತು. ಅಂದಿನಿಂದ ಒಂದು ಕ್ರಮ ಮಾಡಿಕೊಂಡೆ. ಬ್ಯಾಕಪ್ ಹಾಕುವ ಮೊದಲು ಕಂಪ್ಯೂಟರಿನ ತಾರೀಕನ್ನೇ ಬ್ಯಾಕಪ್ ಮಾಡಿದ ದಿನಕ್ಕೆ ಹಿಂದೆ ಸರಿಸುವುದು. ತಾನಾಗಿ ಬರೆದುಕೊಳ್ಳುವುದನ್ನು ನಿಲ್ಲಿಸುವುದು. ರಿಮೈಂಡರ್‌ಗಳ ಪಟ್ಟಿ ತೆರೆದು ಒಂದೊಂದನ್ನೇ ನೋಡಿ ಬೇಡದ್ದನ್ನು ತೆಗೆಯುವುದು. ಆಮೇಲೆ ಇವತ್ತಿನ ತಾರೀಕು ಕೊಡುವುದು.

ಎರಡು ಸಾವಿರದ ಎಂಟರಲ್ಲಿ ಒಂದು ದಿನ ಭಾವ ಫೋನ್ ಮಾಡಿದರು. ಕೊಪ್ಪದ ಕಂಪ್ಯೂಟರಿನ ಹಾರ್ಡ್ ಡಿಸ್ಕ್ ಹೋಗಿತ್ತು. ರಿಪೇರಿಯ ಸತೀಶ ಹೊಸದು ಹಾಕಿಕೊಟ್ಟಿದ್ದ. ಆದರೆ ಅವರು ಮನೆ ಕಟ್ಟಿಸಿದ ವರ್ಷದ ಖರ್ಚಿನ ಲೆಕ್ಕವನ್ನು ಆಡಿಟರ್ ಕೇಳಿದ್ದರು, ಅದು ಹಳೆಯ ಡಿಸ್ಕಿನ ಜೊತೆಗೇ ಹೋಗಿತ್ತು. "ನೀನೇ ಒಂದ್ಸಲ ಬಂದು ನೋಡ್ಬೇಕು ಮಾರಾಯ್ತಿ" ಎಂದರು. ಮರುದಿನದ ಬಸ್ಸಿಗೆ ಹೋದೆ.

ಬೀರುವಿನಲ್ಲಿ ನಾನು ಬರೆದಿಟ್ಟ ಸಿ.ಡಿ.ಗಳು ಇಟ್ಟ ಹಾಗೇ ಇದ್ದವು. ನಾನು ಹೋದ ಮೇಲೆ ಆ ಮನೆಯಲ್ಲಿ ಯಾರೂ ಬ್ಯಾಕಪ್ ಮಾಡಿರಲಿಲ್ಲ. ಹೆಚ್ಚಿನವಕ್ಕೆ ಬೂಷ್ಟು ಹಿಡಿದಿತ್ತು. ಕಂಪ್ಯೂಟರ್ ಓದಿದ್ದು ಒಂದನ್ನೇ. ಅದರ ಮೇಲೆ ನನ್ನ ಅಕ್ಷರದಲ್ಲಿ 'ಜನವರಿ ೨೦೦೪' ಎಂದಿತ್ತು. ಒಳಗಿನ ಫೈಲಿಗೂ ಸಂಕ್ರಾಂತಿಯ ಮಾರನೇ ದಿನದ ತಾರೀಕೇ ಇತ್ತು. ಮನೆ ಕಟ್ಟಿಸಿದ್ದು ಅದಕ್ಕೂ ಹಿಂದೆ. ಹಾಗಾಗಿ ಬೇಕಾದ ಲೆಕ್ಕವೆಲ್ಲ ಅದರಲ್ಲಿ ಸಿಗಬೇಕು. ಭಾವ ಅಂಗಡಿಗೆ ಹೋಗಿದ್ದರು, ಪುಟ್ಟಿ ಶಾಲೆಗೆ. ಅಕ್ಕ ರಜೆ ಹಾಕಿ ಅಡುಗೆಮನೆಯಲ್ಲಿ ನನಗಾಗಿ ಕಾಫಿ ಮಾಡುತ್ತಿದ್ದಳು. ನಾನು ತಾರೀಕು ಹಿಂದೆ ಸರಿಸಿ, ಬ್ಯಾಕಪ್ ಹಾಕಿ, ಪಟ್ಟಿ ತೆರೆದೆ.

ಕರೆಂಟ್ ಬಿಲ್ಲು. ಫೋನ್ ಬಿಲ್ಲು. ಹಾಲಿನವನದ್ದು. ಭಾವನ ವಿಮೆ, ಅಕ್ಕನ ವಿಮೆ. ಪುಟ್ಟಿಯ ಲಸಿಕೆ. ಏಳನೆಯ ಸಾಲಿನಲ್ಲಿ, ಇಂಗ್ಲಿಷ್ ಅಕ್ಷರಗಳಲ್ಲಿ, 'ಅರ್ಜಿ, ಡಿಡಿ, ಮರೀಬೇಡ ಕತ್ತೆ.'

ಮೊದಲು ನನಗೆ ಏನೂ ಅನ್ನಿಸಲಿಲ್ಲ. ಹಳೆಯ ಗುರುತಿನವರನ್ನು ಕಂಡ ಹಾಗೆ ಒಂದು ಸಣ್ಣ ನಗುವೇ ಬಂತು. ಆಮೇಲೆ ಸಿ.ಡಿ.ಯ ಮೇಲಿನ ತಿಂಗಳು ನೆನಪಾಯಿತು. ಜಾಹೀರಾತು ಬಂದದ್ದು ಯುಗಾದಿಯ ನಂತರ. ಸಂಕ್ರಾಂತಿಯ ಹೊತ್ತಿಗೆ ಆ ಕೆಲಸದ ಸುದ್ದಿಯೇ ನನಗೆ ಗೊತ್ತಿರಲಿಲ್ಲ. ನಾನು ಇನ್ನೂ ಬರೆದಿರದ ಸಾಲು ಆ ಬ್ಯಾಕಪ್ಪಿನೊಳಗೆ ಹೇಗಿರಲು ಸಾಧ್ಯ? ಮೌಸ್ ಮೇಲಿಂದ ಕೈ ತೆಗೆದೆ.

ಅಷ್ಟರಲ್ಲಿ ಅಕ್ಕ ಕಾಫಿ ತಂದು ನನ್ನ ಹಿಂದೆ ನಿಂತಳು. ಬಗ್ಗಿ ಓದಿದಳು. ಎಂದೋ ಒರೆಸಿದ ಕಲೆ ಮತ್ತೆ ಕಂಡ ಹಾಗೆ, ತೀರಾ ಸಹಜವಾಗಿ, "ಅಯ್ಯೋ, ಇದು ಎಲ್ಲಿಂದ ಬಂತೆ? ನಾ ಆವಾಗ್ಲೇ ತೆಗ್ದಿದ್ನಲ್ಲ" ಎಂದಳು.

ಆ ಮಾತು ಅವಳ ಕಿವಿಗೂ ಆಗಲೇ ಬಿದ್ದಿರಬೇಕು. ಲೋಟವನ್ನು ಮೇಜಿನ ಮೇಲಿಟ್ಟು ನನ್ನ ಮುಖ ನೋಡಿದಳು.

"ನೀನು ತೆಗ್ದದ್ದಾ ಅಕ್ಕಾ?"

ಅವಳು ಸೋಫಾದ ತುದಿಯಲ್ಲಿ ಕೂತಳು. "ಹೌದು."

"ಪುಟ್ಟಿ ಕೀಬೋರ್ಡ್ ಎಳೀತು ಅಂದಿದ್ಯಲ್ಲ?"

"ಮತ್ತೆ ಎಂತ ಹೇಳ್ಲಿ? ನೀ ಶಿವಮೊಗ್ಗಕ್ಕೆ ಹೋಗಿದ್ರೆ ನಾ ಕೆಲ್ಸ ಬಿಡ್ಬೇಕಿತ್ತು. ಆಗ ಅಂಗಡಿ ನಡೀತಿರ್ಲಿಲ್ಲ, ನಿಂಗೆ ಗೊತ್ತಿತ್ತಲ್ಲ. ನನ್ನ ಸಂಬಳದಲ್ಲೇ ಮನೆ."

"ನನ್ನ ಹತ್ರ ಒಂದು ಮಾತು ಕೇಳ್ಬೋದಿತ್ತು. ನಾ ಇರ್ತಿದ್ದೆ."

"ಗೊತ್ತು" ಎಂದಳು ಅಕ್ಕ. "ಕೇಳಿದ್ರೆ ನೀ ಇರ್ತಿದ್ದೆ. ಆಮೇಲೆ ಜನ್ಮ ಇಡೀ ನಾ ನಿನ್ನ ಋಣ ಹೊತ್ಕಂಡು ತಿರುಗ್ಬೇಕಿತ್ತು. ಅದಕ್ಕೇ ಕೇಳ್ಲಿಲ್ಲ."

ಹುದ್ದೆ ಹೋದದ್ದಕ್ಕೆ ನಾನು ನಾಲ್ಕು ವರ್ಷ ಮೊದಲೇ ಅತ್ತು ಮುಗಿಸಿದ್ದೆ. ನನ್ನ ಎದೆ ಹಿಂಡಿದ್ದು ಆ ಕೈತುತ್ತು. ತಾನು ಮಾಡಿದ್ದು ಗೊತ್ತಿದ್ದೂ, ನನ್ನ ತಪ್ಪೆಂದು ನನ್ನನ್ನೇ ನಂಬಿಸಿ, ಕಣ್ಣೊರೆಸಿ, ಅನ್ನ ಕಲಸಿ ಬಾಯಿಗಿಟ್ಟಿದ್ದಳಲ್ಲ. ಕಾಫಿ ಮುಟ್ಟದೆ ಎದ್ದೆ. ಕಂಪ್ಯೂಟರಿನಲ್ಲಿ ಒಂದು ಕೀಲಿಯನ್ನೂ ಒತ್ತಲಿಲ್ಲ. ಸಿ.ಡಿ.ಯನ್ನು ಮಾತ್ರ ತೆಗೆದು ಬ್ಯಾಗಿಗೆ ಹಾಕಿಕೊಂಡು ಬಸ್‌ಸ್ಟ್ಯಾಂಡಿಗೆ ನಡೆದೆ. ಅಕ್ಕ ಗೇಟಿನವರೆಗೆ ಬಂದಳು, ಕರೆಯಲಿಲ್ಲ.

ಮರುದಿನ ಬೆಳಿಗ್ಗೆ ಲಾಡ್ಜಿನ ಕಂಪ್ಯೂಟರಿನಲ್ಲಿ, ನನ್ನವರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಅದೇ ಸಿ.ಡಿ.ಯನ್ನು ಅದೇ ಕ್ರಮದಲ್ಲಿ ಹಾಕಿದೆ. ಪಟ್ಟಿಯಲ್ಲಿ ಆರೇ ರಿಮೈಂಡರ್‌ಗಳಿದ್ದವು. ಪುಟ್ಟಿಯ ಲಸಿಕೆಗೆ ಮುಗಿಯಿತು. ಮತ್ತೆ ಹಾಕಿದೆ, ತಾರೀಕು ಬದಲಾಯಿಸಿಯೂ ಹಾಕಿದೆ. ಆರೇ. ಕೊಪ್ಪದ ಸತೀಶನಿಗೆ ಫೋನ್ ಮಾಡಿ ಅಕ್ಕನ ಮನೆಗೆ ಹೋಗಿ ನೋಡಲು ಹೇಳಿದೆ. ಅವನು ಅಲ್ಲಿಂದಲೇ ಫೋನ್ ಮಾಡಿದ. "ಆರೇ ಇರೋದು ಮೇಡಂ. ನಿನ್ನೆ ನೀವು ಬಿಟ್ಟುಹೋದ ಮೇಲೆ ಯಾರೂ ಮುಟ್ಟಿಲ್ಲವಂತೆ." ಹಳೆಯ ಹಾರ್ಡ್ ಡಿಸ್ಕಿನಿಂದ ಏನಾದರೂ ಬಂದಿರಬಹುದೇ ಎಂದು ಕೇಳಿದೆ. ಅದು ಸತ್ತು ತನ್ನ ಅಂಗಡಿಯ ಮೂಲೆಯಲ್ಲಿ ಬಿದ್ದಿದೆ, ಸಾಧ್ಯವೇ ಇಲ್ಲ ಎಂದ.

ನನ್ನವರು ಸಮಾಧಾನ ಹೇಳಿದರು. "ಎಷ್ಟೋ ವರ್ಷ ಮನಸಲ್ಲಿ ಕೊರೀತಾ ಇತ್ತಲ್ಲ, ಕಂಡ ಹಾಗಾಗಿದೆ ಅಷ್ಟೆ." ಬೇರೆಯವರಿಗಾದರೆ ನಾನೂ ಇದನ್ನೇ ಹೇಳುತ್ತಿದ್ದೆ. ಆದರೆ ನನಗೆ ಬರೇ ಕಂಡ ಹಾಗಾಗಿದ್ದರೆ, ನನ್ನ ಬೆನ್ನ ಹಿಂದೆ ನಿಂತು ಅಕ್ಕ ಓದಿದ್ದು ಏನನ್ನು?

ಆರು ತಿಂಗಳು ನಾನು ಕೊಪ್ಪಕ್ಕೆ ಹೋಗಲಿಲ್ಲ. ಫೋನಿನಲ್ಲೂ ಭಾವ ಮತ್ತು ಪುಟ್ಟಿಯ ಹತ್ತಿರ ಮಾತ್ರ ಮಾತು. ಭಾವನಿಗೆ ಕಾರಣ ಗೊತ್ತಿತ್ತೋ ಇಲ್ಲವೋ, ಅವರು ಕೇಳಲಿಲ್ಲ. ಕೊನೆಗೆ ಪುಟ್ಟಿಯೇ, "ಚಿಕ್ಕಮ್ಮ, ನನ್ ಹುಟ್ಟುಹಬ್ಬಕ್ಕೂ ಬರಲ್ವಾ?" ಎಂದಾಗ ಇಲ್ಲವೆನ್ನಲಾಗಲಿಲ್ಲ. ಹೋದೆ. ಅಕ್ಕ ತೆಳ್ಳಗಾಗಿದ್ದಳು. ಊಟವಾಗಿ ಎಲ್ಲರೂ ಹೋದ ಮೇಲೆ ಪಾತ್ರೆ ತೊಳೆಯುವಾಗ ನಾವಿಬ್ಬರೇ ಉಳಿದೆವು. ನಾಲ್ಕಾರು ಪಾತ್ರೆ ಮುಗಿದ ಮೇಲೆ ಅಕ್ಕ ನನ್ನ ಕಡೆ ತಿರುಗದೆ ಕೇಳಿದಳು.

"ಒಂದು ಕೇಳ್ತೀನಿ, ನಿಜ ಹೇಳು. ಅವತ್ತು ಅದನ್ನ ನೀನೇ ಬರ್ದಿಟ್ಟಿದ್ದಲ್ವಾ? ನನ್ನ ಬಾಯಿಂದ ಹೇಳಿಸ್ಬೇಕು ಅಂತ?"

ನನಗೆ ಒಂದು ಕ್ಷಣ ಅರ್ಥವೇ ಆಗಲಿಲ್ಲ. ಆರು ತಿಂಗಳೂ ಅವಳು ಅದನ್ನೇ ನಂಬಿಕೊಂಡಿದ್ದಳು. ಅವಳ ಪ್ರಕಾರ ನನಗೆ ಮೊದಲೇ ಗುಮಾನಿ ಇತ್ತು, ಬ್ಯಾಕಪ್ಪಿನ ನೆವದಲ್ಲಿ ಬಂದು ಆ ಸಾಲನ್ನು ಟೈಪ್ ಮಾಡಿ, ಅವಳು ಕಾಫಿ ತರುವುದನ್ನೇ ಕಾದು ಕೂತಿದ್ದೆ.

"ಇಲ್ಲ ಅಕ್ಕಾ. ನಾ ಬರೀಲಿಲ್ಲ. ನಂಗೆ ನಿನ್ನ ಮೇಲೆ ಯಾವತ್ತೂ ಅನುಮಾನವೇ ಇರ್ಲಿಲ್ಲ."

"ಮತ್ತೆ ಯಾರು ಬರ್ದದ್ದು?"

ನಾನು ಏನೆಂದು ಹೇಳಲಿ? ಗೊತ್ತಿಲ್ಲ ಎಂದೆ. ಅಕ್ಕ ನನ್ನನ್ನು ಒಂದು ಸಲ ನೋಡಿದಳು. ಅದು ನಂಬದವರ ನೋಟ. ಅದರಲ್ಲಿ ಸಿಟ್ಟಿಗಿಂತ ನೋವೇ ಹೆಚ್ಚಿತ್ತು. ನಲ್ಲಿ ನಿಲ್ಲಿಸಿ, ಕೈ ಒರೆಸಿಕೊಂಡು ಒಳಗೆ ಹೋದಳು.

ಈಗಲೂ ನಾವು ಹಬ್ಬಕ್ಕೆ ಹೋಗಿಬರುತ್ತೇವೆ, ಪುಟ್ಟಿ ರಜೆಗೆ ನಮ್ಮಲ್ಲೇ ಇರುತ್ತಾಳೆ. ಆ ಮಾತನ್ನು ಇಬ್ಬರೂ ಮತ್ತೆ ಎತ್ತಿಲ್ಲ. ಎತ್ತಿದರೂ ನಾನು ಹೇಳಬಹುದಾದದ್ದು ಅಷ್ಟೇ: ನಾನು ಬರೆಯಲಿಲ್ಲ. ಅಕ್ಕ ಹೇಳಿದ ಸುಳ್ಳನ್ನು ನಾನು ನಾಲ್ಕು ವರ್ಷ ನಂಬಿದೆ. ನಾನು ಹೇಳಿದ ಈ ಒಂದು ನಿಜವನ್ನು ಅವಳು ಇನ್ನೂ ನಂಬಿಲ್ಲ.